ಹಿಡಿತ ತಪ್ಪಿದ ಮಾಪ್ ಬಟ್ಟೆ

ನೆಲ ಒರೆಸುವ ಮಾಪ್ ಕೋಲಿನಿಂದ ಬಟ್ಟೆ ಕಳಚಿಕೊಂಡದ್ದೇ ನೆಪ, ಮೇಷ್ಟ್ರ ಹೆಂಡತಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅವರು ಆಸ್ಪತ್ರೆಯಿಂದ ಮನೆಗೆ ಬರುವ ದಿನ, ಮದುವೆಯಾದಾಗಿನಿಂದ ಪೊರಕೆ ಮುಟ್ಟದ ಮೇಷ್ಟ್ರು ಪ್ಯಾಂಟು ಮಡಚಿ ನಿಂತರು. ಅವಳು ಬರುವಷ್ಟರಲ್ಲಿ ಆ ಬಟ್ಟೆ ಸರಿಮಾಡದಿದ್ದರೆ ತಾನು ಗಂಡನೇ ಅಲ್ಲ!

ವಠಾರದವರೆಲ್ಲ ಬಟ್ಟೆ ಒಣಹಾಕುವ ತಾರಸಿಯ ಹಗ್ಗದಲ್ಲಿ ನೇತಾಡುತ್ತಿದ್ದ ಮಾಪ್ ಬಟ್ಟೆಯನ್ನು ತಂದರು. ಹಿಂಬದಿಯ ವೆಲ್ಕ್ರೋ ಅಂಟುಪಟ್ಟಿ ಮುದಿನಾಯಿಯ ನಾಲಿಗೆಯಂತೆ ಜೋತಿತ್ತು.

"ಅಣ್ಣಾ, ಮೊದಲು ಚೆನ್ನಾಗಿ ಕುದಿಸಿ," ಎದುರುಮನೆಯಾಕೆ ತನ್ನ ಕಿಟಕಿಯಿಂದಲೇ ಕೂಗಿದಳು.

ಕುದಿಸಿದರು. ಪಟ್ಟಿ ಒಣಗಿದ ಎಲೆಯಂತೆ ಮುದುರಿಕೊಂಡಿತು.

"ಕುದಿಸೋದಾ? ಯಾರ್ರೀ ಹೇಳಿದ್ದು?" ಕೆಳಮನೆಯ ಟೈಲರ್ ತಲೆ ಚಚ್ಚಿಕೊಂಡ. "ತಗೊಳ್ಳಿ ಹೊಸ ಪಟ್ಟಿ. ನನ್ನ ಮೆಷಿನ್ ಕೆಟ್ಟಿದೆ, ಕೈಯಲ್ಲೇ ಹೊಲ್ಕೊಳ್ಳಿ."

ಮೇಷ್ಟ್ರು ಬಟ್ಟೆಯನ್ನು ತೊಡೆಯ ಮೇಲೆ ಹರಡಿ, ಬೆರಳಿಗೆಲ್ಲ ಚುಚ್ಚಿಸಿಕೊಂಡು ಹೊಲಿದರು. ಎದ್ದರೆ ಬಟ್ಟೆಯೂ ಜೊತೆಗೇ ಎದ್ದಿತು. ಪ್ಯಾಂಟಿಗೂ ಸೇರಿಸಿ ಹೊಲಿದಿದ್ದರು. ಬಿಚ್ಚಿ ಮತ್ತೆ ಹೊಲಿದು ಕೋಲಿಗೆ ಅಂಟಿಸಿದರು. ಒಂದು ಸಲ ತಳ್ಳಿದ್ದಕ್ಕೇ ಕಳಚಿತು.

ಕೋಲಿನ ಹಲಗೆಯನ್ನು ತಿರುಗಿಸಿ ನೋಡಿದರು. ಅದರ ಮುಳ್ಳಿನಂಥ ಹಲ್ಲುಗಳ ತುಂಬ ಕೂದಲು. ಹೆಂಡತಿಯದೇ, ಕೆಳಗಿನ ಹಳೆಯ ಪದರ ಕಪ್ಪು, ಮೇಲಿನದು ಬಿಳಿ. ಸೂಜಿಯ ಮೊನೆಯಿಂದ ಎಳೆ ಎಳೆಯಾಗಿ ತೆಗೆದರು. ಇಷ್ಟು ವರ್ಷ ಇದನ್ನು ಒಬ್ಬಳೇ ತಳ್ಳಿದಳಲ್ಲ, ಒಂದು ಮಾತೂ ಆಡದೆ!

ಈಗ ಬಟ್ಟೆ ಗಪ್ಪನೆ ಹಿಡಿಯಿತು. ಆ ಸಂತೋಷಕ್ಕೆ ಕೋಲನ್ನು ಬೀಸಿ ತಳ್ಳಿದ್ದೇ ತಡ, ಪಕ್ಕದಲ್ಲಿಟ್ಟಿದ್ದ ನೀರಿನ ಬಕೆಟ್ ಮಗುಚಿ ನಡುಮನೆಯೆಲ್ಲ ಕೆರೆಯಾಯಿತು. ಅಷ್ಟರಲ್ಲಿ ಊರುಗೋಲಿನ ಸದ್ದು.

"ಒಳಗೆ ಬರಬೇಡ್ವೇ, ಜಾರುತ್ತೆ!" ಮೇಷ್ಟ್ರು ಹೆಂಡತಿಯನ್ನು ಬಾಗಿಲಲ್ಲೇ ಕುರ್ಚಿ ಹಾಕಿ ಕೂರಿಸಿದರು. "ಒಂದು ನಿಮಿಷ. ಬಟ್ಟೆ ಹೇಗೆ ಸರಿಮಾಡಿದ್ದೀನಿ ನೋಡು."

ಕ್ಷೇಮ ವಿಚಾರಿಸಲು ಬಂದ ಎದುರುಮನೆಯಾಕೆ ಕೋಲಿನತ್ತ ಬಗ್ಗಿದಳು. "ಅಯ್ಯೋ ಅಣ್ಣಾ, ಈ ಬಟ್ಟೆ ನಮ್ಮದು! ಕಿಟಕಿಯಿಂದ ನೋಡಿ ನಿಮ್ಮನೇದೇ ಬೇರೆ ಯಾವುದೋ ಅಂದ್ಕೊಂಡಿದ್ದೆ. ಮೂಲೇಲಿ ನಮ್ಮ ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತಿದೆ, ನೋಡಿ."

"ಹಾಗಾದ್ರೆ ನಮ್ಮದು?"

"ನಾನು ಬಿದ್ದ ದಿನವೇ ಎಸೆದುಬಿಡು ಅಂತ ಇವಳಿಗೆ ಹೇಳಿದ್ದೆ ಕಣ್ರೀ," ಅಂದರು ಹೆಂಡತಿ. "ಇದ್ರೆ ನೀವು ರಿಪೇರಿಗೆ ಕೂತುಬಿಡ್ತೀರಿ ಅಂತ."

ಎದುರುಮನೆಯಾಕೆ ಬಟ್ಟೆಯನ್ನು ಪರ್ ಎಂದು ಕಿತ್ತುಕೊಂಡು ಹೊಲಿಗೆ ಜಗ್ಗಿ ನೋಡಿದಳು. "ಎಷ್ಟು ಗಟ್ಟಿಯಾಗಿ ಹೊಲಿದಿದ್ದೀರಿ! ನಮ್ಮನೇಲಿ ಇಂಥವೇ ಇನ್ನೆರಡಿವೆ, ಹೊಲಿಯೋಕೆ ಸಂಜೆ ತಂದುಕೊಡ್ತೀನಿ," ಎಂದು ಹೊರಟೇಹೋದಳು.

ಹೆಂಡತಿ ಆಸ್ಪತ್ರೆಯ ಚೀಲದಿಂದ ಹಳೇ ಟವೆಲ್ಲೊಂದನ್ನು ತೆಗೆದು ಗಂಡನತ್ತ ಎಸೆದರು. ಮೇಷ್ಟ್ರು ಮೊಣಕಾಲೂರಿ ಒರೆಸತೊಡಗಿದರು.

"ಹಿಂದಕ್ಕೆ ಸರೀತಾ ಒರೆಸ್ರೀ," ಕುರ್ಚಿಯಿಂದ ದನಿ ಬಂತು. "ಒರೆಸಿದ ಕಡೆಯೇ ಕಾಲಿಡ್ತೀರಲ್ಲ!"