ತತ್ತಿ ಸಾಲು, ಬಾಳೆಹಣ್ಣಿನ ಸಾಲು

ಕೆಲವರಿಗೆ ತಂಬಾಕಿನ ಚಟವಿರುತ್ತದೆ, ಕೆಲವರಿಗೆ ಇನ್ನೊಬ್ಬರ ಮನೆಯ ಸುದ್ದಿಯ ಚಟವಿರುತ್ತದೆ. ನನಗಿರುವುದು ಸಾಲು ಹಚ್ಚುವ ಚಟ. ಬಾಗಿಲ ಮುಂದೆ ಚಪ್ಪಲಿಗಳು ಅಡ್ಡಾದಿಡ್ಡಿ ಬಿದ್ದಿದ್ದರೆ ಜೋಡಿಸದೆ ಒಳಗೆ ಹೋಗಲು ನನಗೆ ಕಾಲೇ ಬರುವುದಿಲ್ಲ. ನಮ್ಮ ಮನೆಯದಾದರೆ ಹೋಗಲಿ, ಬೇರೆಯವರ ಮನೆಯಲ್ಲೂ ಬಿಡುವುದಿಲ್ಲ. ಮಿಶ್ರಿಕೋಟಿಯ ಬೀಗರ ಮನೆಗೆ ಸೀಮಂತಕ್ಕೆ ಹೋದಾಗ ಅಲ್ಲಿದ್ದ ಅಷ್ಟೂ ಚಪ್ಪಲಿಗಳನ್ನು ಗಂಡಸರದು, ಹೆಂಗಸರದು, ಮಕ್ಕಳದು ಎಂದು ವಿಂಗಡಿಸಿ ಇಟ್ಟೆ. ಹೊರಡುವ ಹೊತ್ತಿಗೆ ಒಬ್ಬರಿಗೂ ತಮ್ಮ ಚಪ್ಪಲಿ ಬಿಟ್ಟಲ್ಲಿ ಸಿಗಲಿಲ್ಲ. ಬಸ್ಸು ತಪ್ಪಿಸಿಕೊಂಡ ಹಿರಿಯರೊಬ್ಬರು ಇದು ಯಾವ ಶಾಣ್ಯಾ ಮಾಡಿದ ಕೆಲಸ ಎಂದು ಕೇಳಿದರು. ನಾನು ಸುಮ್ಮನೆ ಒಳಗೆ ಹೋಗಿ ಬಸುರಿಯ ಪಕ್ಕ ಕುಳಿತೆ. ಅಂದಿನಿಂದ ಯಾವ ಕಾರ್ಯಕ್ಕೆ ಹೋದರೂ ನನ್ನ ಗಂಡ ನನ್ನನ್ನು ಮೊದಲು ಒಳಗೆ ದಾಟಿಸಿ ಆಮೇಲೆ ತಾವು ಚಪ್ಪಲಿ ಬಿಡುತ್ತಾರೆ.

ಚಪ್ಪಲಿಯ ಮಟ್ಟಿಗೆ ಇದು ನಕ್ಕು ಬಿಡುವ ಮಾತು. ಆದರೆ ನಾನು ಕಲಘಟಗಿ ಪೇಟೆಯೊಳಗಿನ ಒಂದು ಸರ್ಕಾರಿ ಶಾಲೆಯ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು. ತೊಟ್ಟಿಲಿಗೆ ಬಣ್ಣ ಹಚ್ಚುವವರ ಮಕ್ಕಳು, ಕುರಿ ಕಾಯುವವರ ಮಕ್ಕಳು, ಕಬ್ಬು ಕಡಿಯಲು ಹೋಗುವವರ ಮಕ್ಕಳು, ಕಿರಾಣಿ ಅಂಗಡಿಯವರ ಮಕ್ಕಳು ಎಲ್ಲರೂ ಒಂದೇ ಅಂಗಳದಲ್ಲಿ ಇದ್ದಾರೆ. ಇಷ್ಟೆಲ್ಲ ಮಕ್ಕಳು ಅಡ್ಡಾದಿಡ್ಡಿ ಇರುವಾಗ ನನ್ನಂಥವಳ ಕೈ ಸುಮ್ಮನಿರುವುದು ಕಷ್ಟ. ಮೇಲಾಗಿ ಬಿಸಿಯೂಟದ ಉಸ್ತುವಾರಿ ಬೇರೆ ನನ್ನದು. ಅನ್ನ ಸಾರಿನ ಜೊತೆ ಮಕ್ಕಳಿಗೆ ಬೇಯಿಸಿದ ತತ್ತಿ ಕೊಡಬೇಕು, ಅಂದರೆ ಮೊಟ್ಟೆ. ತಿನ್ನದವರಿಗೆ ಬಾಳೆಹಣ್ಣು.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ತತ್ತಿ ಎಂಬ ಮಾತು ಅಡುಗೆಮನೆಯಲ್ಲಿ ಬಂದರೆ ನಮ್ಮ ಅತ್ತೆ ಇನ್ನೊಮ್ಮೆ ವಿಭೂತಿ ಧರಿಸುತ್ತಾರೆ. ಶಾಲೆಯಲ್ಲಿ ತತ್ತಿ ಕೊಟ್ಟ ದಿನ ನಾನು ಮುಂಬಾಗಿಲಿನಿಂದ ಮನೆಯೊಳಗೆ ಬರುವಂತಿಲ್ಲ. ಹಿತ್ತಲಿಗೆ ಸುತ್ತಿ ಬಂದು, ಕೈಕಾಲು ಮುಖ ತೊಳೆದು, ಸೀರೆ ಬದಲಿಸಿ ಒಳಗೆ ಕಾಲಿಡಬೇಕು. ಈಗ ವಾರದಲ್ಲಿ ಹೆಚ್ಚು ದಿನ ತತ್ತಿಯೇ ಆದ್ದರಿಂದ ನಮ್ಮ ಮನೆಯ ಹಿತ್ತಲ ಬಾಗಿಲು ನನ್ನ ಖಾಸಗಿ ಬಾಗಿಲಾಗಿದೆ. ಬಾಜೂ ಮನೆಯವರು ಅತ್ತೆ ಸೊಸೆಗೆ ಮಾತಿಲ್ಲವೇನೋ ಎಂದುಕೊಂಡಿದ್ದರು. ನಾನು ಅವರಿಗೆಲ್ಲ ಹಿರಿಯರ ಮನಸ್ಸು ನೋಯಿಸಬಾರದಲ್ಲ ಎನ್ನುತ್ತೇನೆ. ಅತ್ತೆ ಹೇಳದಿದ್ದರೂ ನಾನೇ ಹಾಗೆ ಮಾಡುತ್ತಿದ್ದೆನೋ ಏನೋ ಎಂಬುದನ್ನು ಯಾರೂ ಕೇಳಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಮೊದಲು ಮಕ್ಕಳು ಜಗಲಿಯಲ್ಲಿ ತಮಗೆ ಬೇಕಾದಲ್ಲಿ ಕೂಡುತ್ತಿದ್ದರು. ಬಡಿಸುವವರು ಒಬ್ಬೊಬ್ಬರನ್ನೂ ತತ್ತಿಯೋ ಹಣ್ಣೋ ಎಂದು ಕೇಳುತ್ತ ಬರುವಷ್ಟರಲ್ಲಿ ಸಾರು ಆರುತ್ತಿತ್ತು. ಒಬ್ಬ ಹುಡುಗ ತತ್ತಿ ತಿಂದು, ಸಿಪ್ಪೆ ಕಿಸೆಗೆ ಹಾಕಿಕೊಂಡು, ಬಾಳೆಹಣ್ಣನ್ನೂ ಹೊಡೆಯುತ್ತಿದ್ದ. ಅಷ್ಟರಲ್ಲಿ ನಾಲ್ಕನೆಯ ತರಗತಿಯ ಸಹನಾಳ ತಾಯಿ ಸ್ಕೂಟಿಯಲ್ಲಿ ಬಂದರು. ಅವರು ನಮ್ಮ ದೂರದ ಸಂಬಂಧಿಕರೇ. ಸಹನಾ ಮನೆಗೆ ಬಂದರೆ ಅವಳ ಅಂಗಿ ತತ್ತಿ ನಾತ ಹೊಡೆಯುತ್ತದೆ, ಬಾಜೂ ಕೂಡುವ ಹುಡುಗಿಯನ್ನು ಸ್ವಲ್ಪ ಆಚೆ ಕೂಡಿಸಿರಿ ಎಂದು ಬಹಳ ಮರ್ಯಾದೆಯಿಂದ ಹೇಳಿಹೋದರು. ನನಗೆ ಅಷ್ಟೇ ಸಾಕಾಯಿತು. ಮರುದಿನವೇ ಎರಡು ಸಾಲು ಹಚ್ಚಿಬಿಟ್ಟೆ. ಜಗಲಿಯ ಮೇಲೆ ಬಾಳೆಹಣ್ಣಿನ ಸಾಲು. ಕೆಳಗೆ ನಳದ ಕಡೆ ತತ್ತಿ ಸಾಲು, ಏಕೆಂದರೆ ತೊಳೆಯಲು ಅನುಕೂಲ. ಅನುಕೂಲ ಎಂಬ ಈ ಮಾತನ್ನು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಕಾಲು ಗಂಟೆಯೊಳಗೆ ಊಟ ಮುಗಿಯಿತು, ಕಿಸೆಯ ಸಿಪ್ಪೆಯ ಹುಡುಗನೂ ದಾರಿಗೆ ಬಂದ.

ಮಕ್ಕಳು ನಾವು ಕಲಿಸಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಬೇಗ ಕಲಿಯುತ್ತಾರೆ. ಮಗ್ಗಿ ಬರಲು ವರ್ಷ ಹಿಡಿಯಿತು, ಸಾಲು ಬರಲು ವಾರವೂ ಹಿಡಿಯಲಿಲ್ಲ. ಬರುಬರುತ್ತ ಪ್ರಾರ್ಥನೆಗೂ ಅದೇ ಸಾಲಿನಲ್ಲಿ ನಿಲ್ಲತೊಡಗಿದರು. ಆಟದ ಹೊತ್ತಿನಲ್ಲಿ ಖೊ-ಖೊ ತಂಡ ಮಾಡಿಕೊಳ್ಳಿ ಎಂದರೆ ತತ್ತಿ ಟೀಮು, ಹಣ್ಣಿನ ಟೀಮು ಎಂದು ಚಣದಲ್ಲಿ ಬೇರೆಯಾದರು. ಆ ದಿನ ತತ್ತಿ ಟೀಮು ಗೆದ್ದಿತು. ನಾನು ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿ ನಗಿಸಿದೆ. ತತ್ತಿ ತಿಂದವರು ಓಡುತ್ತಾರೆ, ಹಣ್ಣು ತಿಂದವರು ಜಾರುತ್ತಾರೆ ಎಂದು ಒಬ್ಬ ಮಾಸ್ತರು ಅಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಈಗ ಆ ನಗು ನೆನಪಾದರೆ ಮುಖ ಎಲ್ಲಿಡಲಿ ಅನಿಸುತ್ತದೆ.

ಇನ್ನೂ ನಾಚಿಕೆಯ ಸಂಗತಿ ಮುಂದಿದೆ. ಹುಬ್ಬಳ್ಳಿಯಲ್ಲಿ ನಮಗೊಂದು ತರಬೇತಿ ಇತ್ತು. ಶಿಕ್ಷಣದಲ್ಲಿ ಸಮತೆ, ಎಲ್ಲರನ್ನೂ ಒಳಗೊಳ್ಳುವುದು, ಸಾಮಾಜಿಕ ನ್ಯಾಯ. ನಿಮ್ಮ ಶಾಲೆಯಲ್ಲಿ ಏನು ಮಾಡಿದ್ದೀರಿ ಹೇಳಿ ಎಂದರು. ಉಳಿದವರು ಬೆಂಚಿನ ಕಡೆ ನೋಡುತ್ತಿದ್ದಾಗ ನಾನು ಎದ್ದು ನಿಂತು ನನ್ನ ಎರಡು ಸಾಲಿನ ಕಥೆ ಹೇಳಿದೆ. ಯಾರ ಆಹಾರಪದ್ಧತಿಗೂ ಧಕ್ಕೆಯಾಗದಂತೆ, ಎಲ್ಲರಿಗೂ ಗೌರವ ಸಿಗುವಂತೆ ಎಂದೆಲ್ಲ ನನ್ನ ಬಾಯಿಂದ ಗ್ರಾಂಥಿಕವಾಗಿ ಬಂತು. ಮಠದ ದಾಸೋಹದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ನಾಡು ನಮ್ಮದು ಎಂದೂ ಸೇರಿಸಿದೆ. ಒಂದೇ ಪಂಕ್ತಿಯನ್ನು ಹೊಗಳುತ್ತ ಎರಡು ಪಂಕ್ತಿಯನ್ನು ಸಮರ್ಥಿಸುತ್ತಿದ್ದೇನೆ ಎಂದು ನನಗೂ ಹೊಳೆಯಲಿಲ್ಲ, ಕೇಳಿದವರಿಗೂ ಹೊಳೆಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಊಟಕ್ಕೆ ಹೋದೆವು, ಅಲ್ಲಿಯೂ ಸಸ್ಯಾಹಾರಿಗಳ ಮೇಜು ಬೇರೆ ಇತ್ತು.

ಚಪ್ಪಾಳೆಯ ಗುಂಗು ಇಳಿಯುವ ಮೊದಲೇ ರೇಣುಕಾಳ ಅವ್ವ ಶಾಲೆಗೆ ಬಂದಳು. ಸಹನಾಳ ಬಾಜೂ ಕೂಡುತ್ತಿದ್ದ, ನಾನು ಆಚೆ ಕೂಡಿಸಿದ ಹುಡುಗಿಯೇ ರೇಣುಕಾ. ಅವರದು ಕುರಿ ಸಾಕುವ ಮನೆತನ, ಪೇಟೆಯ ಅಂಚಿನಲ್ಲಿ ಮನೆ. ಇತ್ತೀಚೆಗೆ ರೇಣುಕಾ ತತ್ತಿ ಸಾಲು ಬಿಟ್ಟು ಸಹನಾಳ ಹಿಂದೆ ಬಾಳೆಹಣ್ಣಿನ ಸಾಲಿನ ತುದಿಯಲ್ಲಿ ಕೂಡುತ್ತಿದ್ದಳು. ಬಾಳೆಹಣ್ಣು ಕೇಳಿ ತಿನ್ನುತ್ತಿದ್ದಳು. ನಾನು ಗಮನಿಸಿದ್ದೆ. ಗೆಳತಿಯ ಸಹವಾಸದಿಂದ ಒಳ್ಳೆಯ ರೂಢಿ ಬಂತು ಎಂದುಕೊಂಡಿದ್ದೆ. ಹೌದು, ಒಳ್ಳೆಯ ರೂಢಿ ಎಂದೇ ಅಂದುಕೊಂಡಿದ್ದೆ.

ಅವಳ ಅವ್ವ ಬಾಗಿಲ ಹೊರಗೇ ನಿಂತಳು. ಒಳಗೆ ಬಾ ಎಂದರೆ ಇರಲಿ ಇರಲಿ ಎಂದಳು. ಜಗಳಕ್ಕೆ ಬಂದಿರಬೇಕೆಂದು ನಾನು ಉತ್ತರ ಸಿದ್ಧಮಾಡಿಕೊಂಡೆ. ಅವಳು ಜಗಳಕ್ಕೆ ಬಂದಿರಲಿಲ್ಲ. ಮಗಳ ಮೈಯಲ್ಲಿ ರಕ್ತ ಕಡಿಮೆ ಇದೆ, ದಿನಾ ತತ್ತಿ ತಿನ್ನಿಸಿರಿ ಎಂದು ದವಾಖಾನೆಯಲ್ಲಿ ಹೇಳಿದ್ದರಂತೆ. ಹುಡುಗಿ ಶಾಲೆಯಲ್ಲೂ ಮುಟ್ಟುತ್ತಿಲ್ಲ, ಮನೆಯಲ್ಲೂ ಮುಟ್ಟುತ್ತಿಲ್ಲ. ಮೊನ್ನೆ ನೀರು ತರಲು ಹೋದವಳು ಕಣ್ಣು ಕತ್ತಲೆ ಬಂದು ಕುಸಿದಿದ್ದಳಂತೆ.

"ಆಕಿ ಆ ಸಾಲಿನ್ಯಾಗ ಹೋಗಿ ಕುಂದರತಾಳಂತ್ರಿ ಅಕ್ಕೋರ," ಅಂದಳು. "ಅದು ನಮ್ಮ ಸಾಲಲ್ಲ ಅಂತ ನೀವ ಒಂದೀಟು ಬುದ್ಧಿ ಹೇಳ್ರಿ. ನಾ ಹೇಳಾಕ ಹೋದ್ರ, ಯವ್ವಾ, ನಿನ್ನ ಮೈ ವಾಸನಿ ಬರತೈತಿ, ಶಾಲಿ ಕಡಿ ಬರಬ್ಯಾಡ ಅಂತಾಳ್ರಿ."

ನಾನು ಏನು ಹೇಳಬೇಕಿತ್ತು ಎಂಬುದು ಈಗ ಚೆನ್ನಾಗಿ ಗೊತ್ತಿದೆ. ಆಗ ನನ್ನ ಬಾಯಿಂದ ಬಂದದ್ದು, "ಆತು, ಹೇಳತೇನಿ." ಅವಳು ಕೈಮುಗಿದು ಹೋದಳು. ತನ್ನ ಮೈ ವಾಸನೆ ನನಗೆ ಬಡಿಯಬಾರದೆಂದೇ ಅವಳು ಹೊರಗೆ ನಿಂತಿದ್ದಳೆಂದು ಆಮೇಲೆ ತಿಳಿಯಿತು. ನಾನು ಕುರ್ಚಿಯಲ್ಲಿ ಕುಳಿತೆ. ಇಷ್ಟು ವರ್ಷ ಮಕ್ಕಳಿಗೆ ಎಷ್ಟೋ ಪಾಠ ಹೇಳಿದ್ದೇನೆ, ಯಾವುದೂ ಇಷ್ಟು ಗಟ್ಟಿಯಾಗಿ ತಲೆಗೆ ಇಳಿದಿರಲಿಲ್ಲ. ಒಂಬತ್ತು ವರ್ಷದ ಹುಡುಗಿಗೆ ಹಡೆದವ್ವನ ಮೈಯೇ ವಾಸನೆ ಎನ್ನಿಸುವಂತೆ ಮಾಡಲು ನನಗೆ ಬೇಕಾದದ್ದು ಒಂದು ಜಗಲಿ ಮತ್ತು ಒಂದು ನಳ, ಅಷ್ಟೇ. ನಾಚಿಕೆಯಿಂದ ಆ ದಿನ ಊಟದ ಡಬ್ಬಿ ತೆರೆಯಲಾಗಲಿಲ್ಲ. ಡಬ್ಬಿಯಲ್ಲಿದ್ದ ರೊಟ್ಟಿ, ಎಣ್ಣೆಗಾಯಿ ಹಾಗೆಯೇ ಮನೆಗೆ ಹೋದವು.

ಮರುದಿನ ಪ್ರಾರ್ಥನೆಯಲ್ಲಿ ಇನ್ನು ಮುಂದೆ ಸಾಲಿಲ್ಲ, ಯಾರು ಎಲ್ಲಿ ಬೇಕಾದರೂ ಕೂತು ಊಟ ಮಾಡಿ ಎಂದು ಸಾರಿದೆ. ಸಹನಾಳ ತಾಯಿಯ ಫೋನು ಮಧ್ಯಾಹ್ನದೊಳಗೆ ಬಂದೇ ಬರುತ್ತದೆಂದು ಗೊತ್ತಿತ್ತು, ಬಂತು, ನಾನು ಎತ್ತಲಿಲ್ಲ. ಅಷ್ಟು ಧೈರ್ಯ ಒಂದೇ ದಿನಕ್ಕೆ ಒದಗುವುದಿಲ್ಲ. ಊಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಓಡಿ ಬಂದರು, ಜಗಲಿಯ ಮೇಲೊಂದು, ನಳದ ಕಡೆ ಒಂದು, ಅಗದಿ ನೆಟ್ಟಗೆ ಎರಡು ಸಾಲು ಮಾಡಿ ಕುಳಿತರು. ಯಾರೂ ಹೇಳಿರಲಿಲ್ಲ. ಬೆರೆತು ಕೂರಿ ಎಂದು ಕೂಗಿದೆ. ಇಬ್ಬರು ಎದ್ದು, ಮತ್ತೆ ಅಲ್ಲಿಯೇ ಕುಳಿತರು. ರೇಣುಕಾ ಮಾತ್ರ ಎಲ್ಲಿ ಹೋಗಬೇಕೆಂದು ತಿಳಿಯದೆ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು.

ಆಗ ನಾನೊಂದು ಘನಕಾರ್ಯ ಮಾಡಿದೆ. ಇಷ್ಟು ವರ್ಷ ಮಕ್ಕಳ ಜೊತೆ ಒಂದು ತುತ್ತೂ ತಿನ್ನದವಳು ಒಂದು ತಟ್ಟೆ ತೆಗೆದುಕೊಂಡು ಬಂದು ಆ ಮೆಟ್ಟಿಲ ಮೇಲೆಯೇ ಕುಳಿತೆ. ರೇಣುಕಾಳನ್ನು ಬಾಜೂ ಕೂಡಿಸಿಕೊಂಡೆ. ಸಹನಾಳನ್ನೂ ಕರೆದೆ, ಅವಳು ಜಿಗಿದು ಬಂದು ಗೆಳತಿಯ ಆಚೆ ಕುಳಿತಳು. ಹುಡುಗರು ಬಾಯಿ ಬಿಟ್ಟು ನೋಡಿದರು. ನಿಜ ಹೇಳಬೇಕೆಂದರೆ, ಆ ಕ್ಷಣದಲ್ಲಿ ನನಗೆ ನನ್ನ ಮೇಲೆ ಬಹಳ ಅಭಿಮಾನ ಉಕ್ಕಿತು. ಯಾರಾದರೂ ಮೊಬೈಲಿನಲ್ಲಿ ಫೋಟೋ ತೆಗೆದರೆ ಚೆನ್ನಾಗಿತ್ತು ಎಂದು ಆ ಕಡೆ ಈ ಕಡೆ ನೋಡಿಯೂ ನೋಡಿದೆ.

ಅನ್ನ ಬಂತು, ಸಾರು ಬಂತು. ರೇಣುಕಾಗೆ ತತ್ತಿ ಹಾಕಿ ಎಂದು ನಾನೇ ಹೇಳಿದೆ. ಬಿಸಿ ತತ್ತಿ ಅವಳ ತಟ್ಟೆಗೆ ಬಿತ್ತು. ಅವಳು ಅದನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಮೆಲ್ಲಗೆ ತಟ್ಟೆ ಎತ್ತಿಕೊಂಡು ಒಂದು ಗೇಣು ದೂರ ಸರಿದಳು.

ಯಾಕವ್ವ ಎಂದೆ.

"ನಿಮಗ ವಾಸನಿ ಬಡ್ಯಾಕತ್ತೈತ್ರಿ ಅಕ್ಕೋರ," ಅಂದಳು.

ಛೇ, ನನಗೇನೂ ಇಲ್ಲ ಎಂದು ಹೇಳಲು ಹೋದೆ. ಮಾತು ಬಟ್ಟೆಯೊಳಗಿಂದ ಬಂದಂತೆ ಕೇಳಿಸಿತು. ನೋಡಿದರೆ ನನ್ನ ಎಡಗೈ ಸೆರಗನ್ನು ಮೂಗಿಗೆ ಒತ್ತಿ ಹಿಡಿದಿತ್ತು. ಯಾವಾಗ ಹಿಡಿಯಿತೋ ನನಗೆ ಗೊತ್ತಿಲ್ಲ. ನಾನು ಕೈ ಇಳಿಸುವಷ್ಟರಲ್ಲಿ ರೇಣುಕಾ ತತ್ತಿಯನ್ನು ಅನ್ನದೊಳಗೆ ಪೂರ್ತಿ ಹುಗಿದು, ಮೇಲೆ ಸಾರು ಎಳೆದುಕೊಂಡು, ನನಗೆ ಕಾಣದಂತೆ ಒಂದೊಂದೇ ಚೂರು ಮುರಿದು ತಿನ್ನತೊಡಗಿದ್ದಳು. ಅವಳ ಅವ್ವ ಸಂಜೆ ಸಿಕ್ಕರೆ ಮಗಳು ತತ್ತಿ ತಿಂದಳು ಎಂದು ಹೇಳಬಹುದು. ಹೇಗೆ ತಿಂದಳು ಎಂದು ಕೇಳದಿದ್ದರೆ ಸಾಕು.