ಹಳದಿ ವಾಷರ್ ಮತ್ತು ನಮ್ಮತ್ತೆ

ಭಾರೀ ಭಾರೀ ಸಾಫ್ಟ್‌ವೇರ್‌ಗಳು ನಮ್ಮ ಸೋದರತ್ತೆಯನ್ನು ಕಂಡರೆ ಬೆವರುತ್ತವೆ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ, ನಾನೂ ನಂಬಿರಲಿಲ್ಲ!

ಅತ್ತೆ ಟಿ. ದಾಸರಹಳ್ಳಿಯ ಪಂಪ್ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಯಾವ ಬೋಲ್ಟು ಎಲ್ಲಿದೆ, ಎಷ್ಟಿದೆ ಎಂಬುದು ಅವರಿಗೆ ತಮ್ಮ ಒಗ್ಗರಣೆ ಡಬ್ಬಿಯಷ್ಟೇ ಪರಿಚಿತ. ಅವರ ಕಣ್ಣೆದುರೇ ಅಲ್ಲಿನ ಸಾಫ್ಟ್‌ವೇರ್ ನಾಲ್ಕು ಸಲ ಬದಲಾಗಿದೆ. ಮೂಲೆಯ ಕಂಪ್ಯೂಟರಿನಲ್ಲಿದ್ದದ್ದು ಕ್ಲೌಡಿಗೆ ಹೋಯಿತು. ಕೊಂಡದ್ದರ ಜಾಗಕ್ಕೆ ತಿಂಗಳ ಬಾಡಿಗೆಯದು ಬಂತು. ಹೊಸದು ಬಂದಾಗಲೆಲ್ಲ ಅತ್ತೆ, ಮಗಳಿಗೆ ಗಂಡು ನೋಡಲು ಹೋದವರ ಹಾಗೆ ಅದನ್ನು ಪ್ರಶ್ನಿಸುತ್ತಾರೆ. ಕ್ಲೌಡ್ ಬಂದ ದಿನ, ನಮ್ಮ ಲೆಕ್ಕವೆಲ್ಲ ಈಗ ಎಲ್ಲಿದೆ ಎಂದು ಕೇಳಿದರಂತೆ. ತರಬೇತಿಗೆ ಬಂದಿದ್ದವರು ಸಿಂಗಪುರದಲ್ಲಿ ಎಂದರಂತೆ. ಹಾಗಾದರೆ ಬೀಗದ ಕೈ ಯಾರ ಹತ್ತಿರ ಎಂದರಂತೆ ಅತ್ತೆ. ಪಾಪ, ತರಬೇತಿಯವರು ಊಟಕ್ಕೂ ನಿಲ್ಲಲಿಲ್ಲ!

ಈ ವರ್ಷ ಬಂದದ್ದು ಮಾತಾಡುವ ಸಹಾಯಕ. ಕೇಳಿದ್ದಕ್ಕೆಲ್ಲ ತಾನೇ ಉತ್ತರ ಹೇಳುವ ಕೃತಕ ಬುದ್ಧಿ. ಅದನ್ನು ಮಾರುವ ಹೆಬ್ಬಾಳದ ಕಂಪನಿಯಲ್ಲೇ ನನ್ನ ಕೆಲಸ. ಉದ್ಯಮದ ಹೊಸ ಅಲೆಗಳ ಬಗ್ಗೆ ನಾವು ಗ್ರಾಹಕರಿಗೆ ಕಳಿಸುವ ವರದಿಯ ನಾಲ್ಕನೇ ಪುಟ ನಾನು ಬರೆದದ್ದು: ‘ಇನ್ನು ಸ್ಟೋರ್ಸಿಗೆ ಮನುಷ್ಯರು ಬೇಕಿಲ್ಲ.’ ಆ ವರದಿ ಅತ್ತೆಯ ಕಾರ್ಖಾನೆಗೇ ಹೋಗುತ್ತದೆಂದು ಯಾರಿಗೆ ಗೊತ್ತಿತ್ತು? ಗೊತ್ತಾದ ಮೇಲೂ ಅತ್ತೆಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಪರೀಕ್ಷೆಯಲ್ಲಿ ಸಹಾಯಕ ಪಾಸಾದರೆ ಅತ್ತೆ ಕುರ್ಚಿ ಬಿಡಬೇಕೆಂದು ಕಾರ್ಖಾನೆಯ ಮಾಲೀಕರು ಹೇಳಿಯಾಗಿತ್ತು.

ಪರೀಕ್ಷೆಯ ದಿನ ಕಂಪನಿಯ ಪರವಾಗಿ ಹೋದವಳು ನಾನೇ. ಸಹಾಯಕನದು ಪಟಪಟನೆ ಉತ್ತರ. ಹತ್ತಕ್ಕೆ ಹತ್ತು! ಮಾಲೀಕರ ಮುಖ ಊರಗಲ. ಕೊನೆಗೆ ಅತ್ತೆ ಕನ್ನಡಕ ಏರಿಸಿಕೊಂಡು ಮುಂದೆ ಬಂದರು.

"ಹಳದಿ ವಾಷರ್ ಎಷ್ಟಿದೆಯಪ್ಪಾ?"

"ಇಪ್ಪತ್ತು ಇವೆ. ಮೂರನೇ ರ್‍ಯಾಕ್, ಮೇಲಿನ ಸಾಲು."

ಮಾಲೀಕರೇ ಹೋಗಿ ನೋಡಿದರು. ಮೇಲಿನ ಸಾಲಿನಲ್ಲಿ ಇದ್ದದ್ದು ಅತ್ತೆಯ ಊಟದ ಡಬ್ಬಿ ಮಾತ್ರ.

"ಹಳದಿ ವಾಷರ್ ನಾವು ಯಾವತ್ತೂ ತರಿಸೇ ಇಲ್ಲ ಸಾರ್," ಎಂದರು ಅತ್ತೆ. "ಇದಕ್ಕೆ ಎಲ್ಲಾ ಬರುತ್ತೆ. ಗೊತ್ತಿಲ್ಲ ಅನ್ನೋದೊಂದು ಬರಲ್ಲ."

ಮಾಲೀಕರು ನನ್ನತ್ತ ತಿರುಗಿ, ಇದನ್ನು ಈಗಲೇ ವಾಪಸ್ ಒಯ್ಯಿರಿ ಎಂದರು. ಅದು ನನ್ನ ಮೊದಲ ಪ್ರಾಜೆಕ್ಟು. ನಾನು ಲ್ಯಾಪ್‌ಟಾಪ್ ಮುಚ್ಚತೊಡಗಿದೆ. ಅತ್ತೆ ಅಡ್ಡ ಬಂದರು.

"ವಾಪಸ್ ಯಾಕೆ ಸಾರ್? ಹುಡುಗಿ ಚೆನ್ನಾಗೇ ಮಾಡಿದ್ದಾಳೆ. ಇಲ್ಲೇ ಇರ್ಲಿ, ಉಳಿದಿದ್ದು ನಾನು ಕಲಿಸ್ತೀನಿ."

ಹೀಗೆ ಅತ್ತೆಯ ಕುರ್ಚಿ ಉಳಿಯಿತು. ಉಳಿಯುವುದೇನು, ಎತ್ತರವೇ ಆಯಿತು! ಈಗ ಅವರು ಒಪ್ಪದೆ ಸಹಾಯಕನ ಯಾವ ಉತ್ತರವೂ ಸ್ಟೋರ್ಸಿನ ಬಾಗಿಲು ದಾಟುವಂತಿಲ್ಲ. ನಮ್ಮ ಕಂಪನಿಯವರು ಇದನ್ನೇ ಹೊಸ ಅಲೆ ಎಂದು ಕರೆದು ಮುಂದಿನ ವರದಿಗೆ ಸೇರಿಸಿದ್ದಾರೆ.

ಆ ಪರೀಕ್ಷೆಯ ದಿನ ಸಂಜೆ ಬಸ್ ಸ್ಟಾಪಿನಲ್ಲಿ ಅತ್ತೆಯ ಮುಖ ನೋಡಲಾರದೆ, ಆ ನಾಲ್ಕನೇ ಪುಟ ಬರೆದವಳು ನಾನೇ ಎಂದೆ.

"ಗೊತ್ತು ಕಣೆ," ಎಂದರು. "ಹೋದ ವಾರಾನೇ ಓದ್ದೆ. ಕೆಳಗೆ ನಿನ್ನ ಹೆಸರು ಅಚ್ಚಾಗಿತ್ತಲ್ಲ, ಸ್ಟೋರ್ಸಲ್ಲಿ ಎಲ್ರಿಗೂ ತೋರಿಸ್ದೆ. ನಮ್ಮಣ್ಣನ ಮಗಳು ಬರೆದಿರೋದು ಅಂತ."