ಸಿಡಿಲಣ್ಣನ ಮುಖ

ಆ ಭಾನುವಾರ ಬೆಳಿಗ್ಗೆ ಶಿವರಾಮ ಎರಡು ಸಲ ಮುಖಕ್ಷೌರ ಮಾಡಿಕೊಂಡ. ಕಾರಣವಿತ್ತು.

ಮದುವೆ ವಿಡಿಯೋ ತೆಗೆಯುವ ಮಹೇಂದ್ರ, ಅಲ್ಲಾಳಸಂದ್ರದ ತಮ್ಮ ಬೀದಿಯ ಗಣೇಶನ ಪೆಂಡಾಲಿನಲ್ಲಿ ತೋರಿಸಲು ಪ್ರತಿವರ್ಷ 'ಸಿಡಿಲಣ್ಣ' ಎಂಬ ಸೂಪರ್‌ಹೀರೋನ ಕಿರುಚಿತ್ರ ತೆಗೆಯುತ್ತಿದ್ದ. ಕಳೆದ ಮೂರು ವರ್ಷವೂ ಸಿಡಿಲಣ್ಣ ಶಿವರಾಮನೇ. ಮೂರು ವರ್ಷವೂ ಮುಖವಾಡದೊಳಗೆ. "ಒಳಗಿರೋನು ನನ್ ಮಗ" ಎಂದು ತಾಯಿ ಗೌರಮ್ಮ ಹೇಳಿದರೆ ಜನ "ಆಯ್ತು ಬಿಡಮ್ಮ" ಎಂದು ನಗುತ್ತಿದ್ದರು.

ಹೋದ ವರ್ಷ ಜನ ಅರ್ಧಕ್ಕೇ ಎದ್ದು ಪ್ರಸಾದದ ಸಾಲಿಗೆ ಹೋದರು. ಅದಕ್ಕೇ ಮಹೇಂದ್ರ ಕತೆಯನ್ನು ಬುಡದಿಂದ ಬದಲಿಸಿದ.

"ಈ ಸಲ ರೀಬೂಟ್ ಶಿವರಾಮಣ್ಣ! ಹಳೇದೆಲ್ಲ ಮರ್ತ್‌ಬಿಡಿ. ಸಿಡಿಲಣ್ಣ ಮೊದ್ಲು ನಿಮ್ ಥರಾನೇ ಲಾರಿ ಆಫೀಸ್ ಗುಮಾಸ್ತ. ಅವನಿಗೆ ಶಕ್ತಿ ಹೆಂಗ್ ಬಂತು ಅನ್ನೋದೇ ಕತೆ. ಮಾಸ್ಕ್ ಇಲ್ಲ, ಬರೀ ಮುಖ. ಬೆಳಿಗ್ಗೆ ಶೂಟಿಂಗು, ಸಂಜೆಗೆ ಷೋ!"

ಗೌರಮ್ಮನಿಗೆ ಎಪ್ಪತ್ತೆಂಟು. ಸಂಜೆ ಅಬ್ಬಿಗೆರೆಯಿಂದ ಬರುವವರಿದ್ದರು. ದೇವರ ದಯೆಯಿಂದ ಕಣ್ಣಿನ್ನೂ ಚುರುಕಾಗಿರುವಾಗಲೇ ಅವರು ತನ್ನ ಮುಖವನ್ನು ಪರದೆಯ ಮೇಲೆ ಒಮ್ಮೆ ನೋಡಿಬಿಡಲಿ ಎಂಬುದೊಂದೇ ಶಿವರಾಮನ ಆಸೆ.

ಕೆರೆಯ ದಡದ ಮರದಡಿ ಕ್ಯಾಮೆರಾ ನಿಂತಿತು. ಹಿಂದೆಯೇ ಇಡೀ ಬೀದಿ ಬಂದು ನಿಂತಿತು. ಸಿಡಿಲು ಬಡಿದು ಶಕ್ತಿ ಬರುವುದು ಹಳೆಯದಾಯಿತು, ಈ ಸಲ ಔಷಧಿ ಕುಡಿದು ಬರಲಿ ಎಂದ ಮಹೇಂದ್ರ.

"ಔಷಧಾ ಕುಡದ್ರ ಎಲ್ಲಿ ಶಕ್ತಿ ಬರತೈತ್ರೀ?" ಎಂದರು ಬಾಗಲಕೋಟೆ ಕಡೆಯ ವೀರಬಸಪ್ಪ. "ಜ್ವಾಳದ ರೊಟ್ಟಿ ತಿನ್ನಸ್ರಿ!" ಅಂದವರೇ ಬುತ್ತಿ ಬಿಚ್ಚಿ ತಿನ್ನಿಸಿಯೂಬಿಟ್ಟರು. ಮೂರನೆಯ ರೊಟ್ಟಿಗೆ ಶಿವರಾಮನಿಗೆ ಶಕ್ತಿಯ ಬದಲು ಬಿಕ್ಕಳಿಕೆ ಬಂತು.

"ನೋಡಿದ್ರಾ? ದೃಷ್ಟಿ!" ಎಂದು ಎದುರುಮನೆಯ ದ್ರೌಪದಮ್ಮ ಕೆಂಡದ ಬಾಣಲೆ ಹಿಡಿದು ಮುಂದೆ ಬಂದರು. "ಮದುಮಗನ ಥರ ಬೋಳಿಸ್ಕೊಂಡ್ ಬಂದಿದ್ದೀಯಲ್ಲೋ, ಯಾರ್ ಕಣ್ಣು ಬಿತ್ತೋ!"

ಕೆಂಡದ ಮೇಲೆ ಒಣಮೆಣಸಿನಕಾಯಿ ಬಿತ್ತು, ಸಾಂಬ್ರಾಣಿ ಬಿತ್ತು. ಹೊಗೆ ಶಿವರಾಮನನ್ನು ಮೂರು ಸುತ್ತು ಸುತ್ತಿ, ನೆಟ್ಟಗೆ ಮೇಲೇರಿ, ಕೊಂಬೆಯಲ್ಲಿದ್ದ ಜೇನುಗೂಡಿನ ಬಾಗಿಲು ತಟ್ಟಿತು.

ಬೀದಿ ಬೀದಿಗೇ ಓಡಿತು. ಶಿವರಾಮ ಕೆರೆಗೆ ಹಾರಿದ. ಗುಮಾಸ್ತನೊಬ್ಬ ಅಷ್ಟು ದೂರ ಹಾರಿದ್ದನ್ನು ಅಲ್ಲಿನ ಕೊಕ್ಕರೆಗಳೂ ಕಂಡಿರಲಿಲ್ಲ. ಬಿಟ್ಟುಹೋಗಿದ್ದ ಕ್ಯಾಮೆರಾ ತನ್ನ ಪಾಡಿಗೆ ನಡೆಯುತ್ತಲೇ ಇತ್ತು. ಅವನು ಜೇನು ಕಚ್ಚಿ ಊದಿದ ಮುಖ ಹೊತ್ತು ಕೆಸರಿನಿಂದೆದ್ದು ನೇರ ಅದರ ಮುಂದೆಯೇ ಬಂದು ನಿಂತ.

"ಸಿಕ್ತು ಗುರು!" ಎಂದು ಮಹೇಂದ್ರ ಕುಣಿದ. "ಜೇನು ಕಚ್ತು, ಶಕ್ತಿ ಬಂತು, ಹಾರಿದ! ಇನ್ನೇನ್ ಬೇಕು?"

ಡಾಕ್ಟರ ಸೂಜಿ, ದ್ರೌಪದಮ್ಮನ ಸುಣ್ಣ ಎರಡೂ ಆದವು. ಸಂಜೆ ಪರದೆಯ ತುಂಬ ಶಿವರಾಮನ ಮುಖ, ಬೂದುಗುಂಬಳಕಾಯಿಯಂತೆ. ಜನ ಶಿಳ್ಳೆ ಹೊಡೆದರು. ಯಾರೂ ಪ್ರಸಾದಕ್ಕೆ ಏಳಲಿಲ್ಲ. ಅವನು ಮೆಲ್ಲಗೆ ತಾಯಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಪರದೆಯತ್ತ ಬೆರಳು ತೋರಿಸಿದ. ಊದಿದ ತುಟಿಯಿಂದ "ನಾನೇ" ಎಂಬುದು ಬರೀ ಗಾಳಿಯಾಗಿ ಹೊರಬಂತು.

ಗೌರಮ್ಮ ತಿರುಗಿ ನೋಡಿದರು. "ಯಾರಪ್ಪ ನೀನು? ಓ, ಸಿನಿಮಾದಾಗಿರೋನೇ! ಚೆಂದಾಗ್ ಆರ್ದೆ, ಬಿಡು. ಎದ್ದೇಳಪ್ಪ, ಅದು ನನ್ ಮಗನ್ ಜಾಗ. ಈಗ್ ಬತ್ತಾನೆ."

ಶಿವರಾಮ ಎದ್ದ. ಮಹೇಂದ್ರನ ಚೀಲದಿಂದ ಹಳೆಯ ಮುಖವಾಡ ತೆಗೆದು ಹಾಕಿಕೊಂಡು, ಎಂದಿನಂತೆ ಎಡಭುಜ ಕುಣಿಸುತ್ತ ನಡೆದುಬಂದ.

"ಈಗ್ ಬಂದ್ಯಾ ಮಗಾ?" ಎಂದು ಗೌರಮ್ಮ ಸೆರಗಿನಿಂದ ಕಡುಬು ತೆಗೆದರು. "ಕುಂತ್ಕೋ. ಈ ಸಲ ನಿನ್ ಪಾರ್ಟು ಯಾವೋನ್ಗೋ ಕೊಟ್ಬುಟ್ಟವ್ರೆ, ನೋಡು!"